ಭಾನುವಾರದ ಗಿರಣಿ

ಮೊದಲ ಪುಟ (ಬರೆದದ್ದು ಕೊನೆಗೆ, ಅಕ್ಟೋಬರ್ 18)

ಈ ಪುಟವನ್ನು ಖಾಲಿ ಬಿಟ್ಟಿದ್ದೆ. ಬೀದಿಯಲ್ಲಿ ನಿಂತು, ದಾರಿಹೋಕರಿಗೆ ಮೊಬೈಲು ಕೊಟ್ಟು ನಿಮಿಷದ ಲೆಕ್ಕದಲ್ಲಿ ಕಾಸು ಪಡೆಯುತ್ತಿದ್ದ ಕಾಲದ ಚಾಳಿ ಇದು: ಒಟ್ಟು ಮೊತ್ತ ಮೊದಲ ಪುಟದಲ್ಲಿರಬೇಕು, ವಿವರ ಆಮೇಲೆ. ಇವತ್ತು ಕೂಡಿಸಿದೆ.

ಹೋದದ್ದು: ಎಂಟು ತಿಂಗಳು. ಬಲಗೈಯ ಎರಡೂವರೆ ಬೆರಳು. ನಾಲ್ಕು ಡಾಕ್ಟರು, ಅವರಲ್ಲಿ ಮೂವರು ನನ್ನ ಕೈ ಬಿಟ್ಟು ಕಾಗದ ಮುಟ್ಟಿದವರು. ಕೇಬಲ್ ಕಾರಿನಲ್ಲಿ ಮೂವತ್ತೊಂದು ಸಲ ಇಳಿದು ಹತ್ತಿದ್ದು. ಎರಡು ಪಿಂಗಾಣಿ ಕಪ್ಪು, ಚಾಕಲೇಟು ಕಾಯಿಸುವ ಒಂದು ಜಗ್ಗು. ಹನ್ನೊಂದು ಭಾನುವಾರ ಮೆಕ್ಕೆಜೋಳದ ಅರೇಪಾ ರೊಟ್ಟಿಯನ್ನು ಅಂಗಡಿಯಿಂದ ತಂದು ತಿಂದ ಅವಮಾನ. ಇಷ್ಟೂ ಒಂದೇ ಒಂದು ಮಾತಿಗೆ. ಆ ಮಾತನ್ನು ಆಡಿದವಳು ನಾನೇ, ಅದೂ ಜಂಬದಿಂದ.

ಫೆಬ್ರವರಿ 4, ಸೋಮವಾರ

ಹದಿನೆಂಟು ಬಾಯಿ. ಒಂದು ಬಾಯಿಗೆ ಇಪ್ಪತ್ತು ನಿಮಿಷ ಎಂಬುದು ಡಾಕ್ಟರ್ ಎವೇಲಿಯೋ ಕಿಂತೇರೋ ಅವರ ಕ್ಲಿನಿಕ್ಕಿನ ಕಾನೂನು. ಅಷ್ಟರಲ್ಲೇ ಹಲ್ಲಿನ ಕಿಟ್ಟ ಹೆರೆದು ತೆಗೆಯಬೇಕು, ಉಜ್ಜಬೇಕು, ದಾರ ಹಾಕಿ ಶುಚಿ ಮಾಡಿಕೊಳ್ಳುವುದನ್ನು ಕಲಿಸಬೇಕು, ಕುರ್ಚಿ ಒರೆಸಬೇಕು, ನಗಬೇಕು. ನೀರು ಚಿಮ್ಮಿಸಿ ಕಿಟ್ಟ ಒಡೆಯುವ ಯಂತ್ರ ನವೆಂಬರಿನಿಂದ ರಿಪೇರಿಗೆ ಹೋಗಿದೆ. ಅಂದರೆ ಈಗ ಯಂತ್ರ ನಾನೇ. ಒಂದು ಬಾಯಿಗೆ, ಕಿಟ್ಟ ಹೆರೆಯುವ ಉಕ್ಕಿನ ಕೊಕ್ಕೆಯ ಸುಮಾರು ನಾನೂರು ಎಳೆತ ಬೇಕು. ಹದಿನೆಂಟಕ್ಕೆ ಏಳು ಸಾವಿರದ ಇನ್ನೂರು. ಬೆಳಿಗ್ಗೆ ಏಳರಿಂದ ನೀರು ಕುಡಿದಿಲ್ಲ. ಕುಡಿದರೆ ಹೋಗಬೇಕು, ಹೋದರೆ ಮೂರು ನಿಮಿಷ ಹೋಯಿತು.

ಬಲಗೈಯ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿನ ಅರ್ಧ ಜೋಮು ಹಿಡಿದಿವೆ. ಚಳಿಗಿರಬೇಕು. ನಮ್ಮ ಈ ಬೆಟ್ಟದೂರು ಮಣಿಸಾಲೆಸ್‌ನಲ್ಲಿ ಎಲ್ಲದಕ್ಕೂ ಚಳಿಯನ್ನು ಬೈಯುವುದು ಅಗ್ಗ.

ಸಂಜೆ ದೆಯಾನೀರಾ ಹಾಳೆ ಹಿಡಿದು ಬಂದಳು. ಪಕ್ಕದ ಕುರ್ಚಿಯಲ್ಲಿ ನನ್ನದೇ ಕೆಲಸ ಮಾಡುವವಳು. ಐವತ್ತರ ಹತ್ತಿರ, ಮಾತು ಕಡಿಮೆ, ಡಾಕ್ಟರ ಬಾಲ. ದಿನಕ್ಕೆರಡು ಸಲ ಕೆಲಸ ನಿಲ್ಲಿಸಿ ಕೈ ಕುತ್ತಿಗೆ ಆಡಿಸಬೇಕೆಂದು ನಿಯಮವಿದೆ. ನಮ್ಮಲ್ಲಿ ಆಡಿಸುವುದಿಲ್ಲ, ಆಡಿಸಿದೆವೆಂದು ಸಹಿ ಹಾಕುತ್ತೇವೆ.

“ಎರಡು ಸಹಿ ಹಾಕು, ನೆಲ್ಸಿ.”

“ಇವತ್ತು ನಾನು ಎಷ್ಟು ಹೊತ್ತಿಗೆ ಕೈ ಆಡಿಸ್ದೆ ಹೇಳು, ನೆನಪಾಗ್ತಿಲ್ಲ.”

“ಹತ್ತಕ್ಕೆ. ಆಮೇಲೆ ಮೂರಕ್ಕೆ.”

“ಚೆನ್ನಾಗಿ ಆಡಿಸಿದ್ನಾ?”

“ಹಾಕೇ ಮಾರಾಯ್ತಿ, ಬಸ್ಸು ಹೋಗುತ್ತೆ.”

ಹಾಕಿದೆ. ನನ್ನ ಸಹಿಯ ಕೊನೆಗೆ ಒಂದು ದೊಡ್ಡ ಸುರುಳಿ ಬರುತ್ತದೆ. ಹದಿನೇಳನೆಯ ವಯಸ್ಸಿನಲ್ಲಿ, ಸಹಿ ಹಾಕಲು ಒಂದು ಕಾಗದವೂ ಇಲ್ಲದ ಕಾಲದಲ್ಲಿ, ಅಭ್ಯಾಸ ಮಾಡಿಟ್ಟುಕೊಂಡದ್ದು.

ಫೆಬ್ರವರಿ 22, ಶುಕ್ರವಾರ

ಕಪ್ಪು ಕೈಯಿಂದ ಜಾರಿತು. ಹಿಡಿದಿದ್ದೇನೆ ಎಂದೇ ಅಂದುಕೊಂಡಿದ್ದೆ.

“ಇನ್ನೂ ಐದಿದೆ,” ಎಂದಳು ಅಮ್ಮ. “ಅವಸರ ಮಾಡ್ಬೇಡ, ಒಂದೊಂದಾಗಿ ಒಡಿ.”

ಮಾರ್ಚ್ 11, ಸೋಮವಾರ

ಇದನ್ನು ಬರೆಯಬಾರದೆಂದಿದ್ದೆ. ಆದರೆ ಸುಳ್ಳು ಲೆಕ್ಕ ಬರೆದರೆ ಮೋಸ ಹೋಗುವವಳು ನಾನೊಬ್ಬಳೇ.

ಜೀಪು ಓಡಿಸುವ ದೊನ್ ಎರಿಬೆರ್ತೋ ಒಸಡು ಊದಿಸಿಕೊಂಡು ಬಂದ. ಜನವರಿಯಲ್ಲಿ ಅವನ ಬಾಯಿ ಶುಚಿ ಮಾಡಿದವಳು ನಾನು. ಕೊಕ್ಕೆ ಮೊಂಡಾದರೆ ಕಿಟ್ಟವನ್ನು ಕೀಳುವುದಿಲ್ಲ, ಅದರ ಮೇಲೇ ಜಾರಿ ಅದಕ್ಕೆ ಹೊಳಪು ಕೊಡುತ್ತದೆ. ಒಸಡಿನ ಕೆಳಗೆ ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳೇ ಕಣ್ಣು. ಒಳ್ಳೆಯ ಬೆರಳು ಆ ನುಣುಪಿಗೆ ಮೋಸ ಹೋಗುವುದಿಲ್ಲ. ನನ್ನ ಬೆರಳು ಹೋಯಿತು. ಕಿಟ್ಟವನ್ನು ಉಜ್ಜಿ ಉಜ್ಜಿ, ಹಲ್ಲೆಂದು ನಂಬಿ ಕಳಿಸಿದ್ದೆ.

ಇವತ್ತು ಅವನು ದೆಯಾನೀರಾಳ ಕುರ್ಚಿಗೆ ಹೋದ. ಅವಳು ತೆಗೆದಳು. ಆ ಚೂರನ್ನು ಹತ್ತಿಯ ಮೇಲಿಟ್ಟು ನನ್ನ ತಟ್ಟೆಗೆ ತಂದಿಟ್ಟಳು.

“ಡಾಕ್ಟ್ರಿಗೆ ಹೇಳಿಲ್ಲ,” ಎಂದಳು.

ಹೇಳದೆ ಇಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದಲ್ಲ, ಅದಕ್ಕೆ.

ಸಂಜೆ ನೇರವಾಗಿ ಡಾಕ್ಟರ ಕೋಣೆಗೆ ಹೋದೆ. ಹೊಸ ಕೊಕ್ಕೆ ಬೇಕು, ಯಂತ್ರ ಬೇಕು, ಒಂದು ಬಾಯಿಗೆ ಮೂವತ್ತೈದು ನಿಮಿಷ ಬೇಕು ಎಂದೆ.

“ನೆಲ್ಸಿ, ನಾವೆಲ್ಲ ಒಂದೇ ಕುಟುಂಬ ಅಲ್ವಾ?” ಎಂದರು.

“ಹೌದು ಡಾಕ್ಟ್ರೇ. ಅದಕ್ಕೇ ಕೇಳ್ತಿದೀನಿ. ಹೊರಗಿನವರಾಗಿದ್ರೆ ಇಷ್ಟೊತ್ತಿಗೆ ದೂರು ಕೊಟ್ಟಿರ್ತಿದ್ದೆ.”

ನಕ್ಕರು. ಮುಂದಿನ ತಿಂಗಳು ನೋಡೋಣ ಎಂದರು. ಈ ಮುಂದಿನ ತಿಂಗಳಿಗೆ ನಾನು ಐದು ತಿಂಗಳಿಂದ ಕಾಯುತ್ತಿದ್ದೇನೆ.

ಮಾರ್ಚ್ 12, ಮಂಗಳವಾರ

ಇನ್ನು ಸಹಿ ಇಲ್ಲ.

“ಡಾಕ್ಟ್ರು ಕೇಳ್ತಾರೆ,” ಎಂದಳು ದೆಯಾನೀರಾ.

“ಕೇಳ್ಲಿ. ಕೈ ಆಡಿಸೋಕೆ ಬಿಟ್ಟ ದಿನ ಸುರುಳಿ ಸಮೇತ ಹಾಕ್ತೀನಿ.”

“ಹಟ ಮಾಡ್ಬೇಡ ಕಣೇ.”

“ನೀನು ಬಾಲ ಅಲ್ಲಾಡಿಸ್ಬೇಡ.”

ಹಾಳೆ ಮಡಿಸಿಕೊಂಡು ಹೋದಳು. ಒಳಗೊಳಗೇ ಖುಷಿಯಾಯಿತು.

ಮಾರ್ಚ್ 20, ಬುಧವಾರ

ನನ್ನ ಗದರಿಕೆ ಫಲಿಸಿದೆ. ಒಂದು ವಾರದಿಂದ ಬೆಳಿಗ್ಗೆ ಬಂದು ನೋಡಿದರೆ ನನ್ನ ತಟ್ಟೆಯ ಕೊಕ್ಕೆಗಳೆಲ್ಲ ಮಸೆದಿರುತ್ತವೆ. ಉಗುರಿಗೆ ತಾಗಿಸಿದರೆ ಕಚ್ಚುತ್ತವೆ. ಡಾಕ್ಟರು ಗುಟ್ಟಾಗಿ ಯಾರನ್ನೋ ಇಟ್ಟಿರಬೇಕು. ಬಾಯಿಬಿಟ್ಟು ಒಪ್ಪಿಕೊಳ್ಳಲು ದೊಡ್ಡಸ್ತಿಕೆ ಅಡ್ಡ. ಎಳೆತ ನಾನೂರರಿಂದ ಮುನ್ನೂರಕ್ಕೆ ಇಳಿದಿದೆ. ಗದರಿದರೆ ಕೆಲಸವಾಗುತ್ತದೆ ಎಂದು ಇನ್ನೊಬ್ಬರಿಗೂ ಗೊತ್ತಾದರೆ ಒಳ್ಳೆಯದು.

ದೆಯಾನೀರಾ ಈಗೀಗ ಆರೂಕಾಲಿಗೇ ಬಂದು ಕೂತಿರುತ್ತಾಳೆ. ಡಾಕ್ಟರ ಕಣ್ಣಿಗೆ ಒಳ್ಳೆಯವಳಾಗಲು ಎಷ್ಟು ಕಷ್ಟ ಪಡುತ್ತಾಳಪ್ಪ.

ಏಪ್ರಿಲ್ 9, ಮಂಗಳವಾರ

ಜೋಮು ಈಗ ಬೆರಳು ಬಿಟ್ಟು ಹೋಗುವುದೇ ಇಲ್ಲ. ಕುತ್ತಿಗೆ ಬಲಕ್ಕೆ ತಿರುಗುವುದಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋವು. ಬಂದವರಿಗೆಲ್ಲ ಹಲ್ಲು ಕಚ್ಚಬೇಡಿ ಎಂದು ಬುದ್ಧಿ ಹೇಳುವ ದವಡೆ ಇದು.

ನರಕ್ಕೆ ಕರೆಂಟು ಹಾಯಿಸಿ ನೋಡಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ಆಮೇಲೆ ವಿಮೆಯವರ ಡಾಕ್ಟರು. ಚಿಕ್ಕ ಹುಡುಗನ ಮುಖ. ಕಣ್ಣು ಕಂಪ್ಯೂಟರಿನ ಮೇಲೆ.

“ಮನೇಲಿ ಏನೇನು ಕೆಲಸ ಮಾಡ್ತೀರಿ, ಸೆನ್ಯೋರಾ?”

“ಎಲ್ಲಾನೂ.”

“ಕೈಗೆ ಶ್ರಮ ಆಗೋ ಅಂಥದ್ದು?”

ಇಲ್ಲಿ ನನ್ನ ನಾಲಿಗೆಗೆ ಏನಾಯಿತೋ. ಭಾನುವಾರ ಕೈಗಿರಣಿಯಲ್ಲಿ ಜೋಳ ಬೀಸುತ್ತೇನೆ ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಂಗಡಿಯ ಹಿಟ್ಟು ನಮ್ಮ ಮನೆ ಹೊಸ್ತಿಲು ದಾಟಿಲ್ಲ, ಇಡೀ ಕುಟುಂಬಕ್ಕೆ ನಾನೇ ಬೀಸುವುದು, ನನ್ನ ಅರೇಪಾ ತಿಂದವರು ಬೇರೆ ಕಡೆ ತಿನ್ನುವುದಿಲ್ಲ ಎಂದೆ.

“ತುಂಬಾ ಹೊತ್ತು ಬೀಸ್ತೀರಾ?”

“ಎಷ್ಟು ಹೊತ್ತಾದ್ರೂ ಸರಿ, ಹಿಟ್ಟು ನುಣ್ಣಗಾಗೋವರೆಗೂ ಬೀಸ್ತೀನಿ.”

ಹುಡುಗ ಟಕಟಕ ಎಂದು ಏನೋ ಬರೆದುಕೊಂಡ. ಮೆಚ್ಚಿದನೆಂದು ತಿಳಿದೆ.

ಮೇ 12, ಭಾನುವಾರ

ಅಮ್ಮಂದಿರ ದಿನ. ಅಣ್ಣಂದಿರು, ಅತ್ತಿಗೆಯರು, ಮಕ್ಕಳು, ಒಟ್ಟು ಹದಿನಾಲ್ಕು ಹೊಟ್ಟೆ. ಬೇಯಿಸಿದ ಜೋಳ ಎರಡು ಪಾತ್ರೆ. ಗಿರಣಿಯನ್ನು ಮೇಜಿನ ಅಂಚಿಗೆ ಬಿಗಿದು ಬೀಸಿದೆ.

“ನಾದಿನಿ ಇವತ್ತಾದ್ರೂ ಬಲಗೈ ಆಡಿಸಿದ್ರೆ ಬೇಗ ಆಗ್ತಿತ್ತು,” ಎಂದಳು ದೊಡ್ಡತ್ತಿಗೆ.

ಹದಿನಾರು ವರ್ಷದಿಂದ ಬಲಗೈಗೆ ನಾನು ಬೇರೆ ಕೆಲಸ ಕೊಟ್ಟಿಲ್ಲ. ಚೀಲ ಎಡಗೈ, ಬಕೆಟ್ಟು ಎಡಗೈ, ಗಿರಣಿ ಎಡಗೈ. ಬಲಗೈ ಅನ್ನ ಹಾಕುವ ಕೈ, ಅದನ್ನು ಕ್ಲಿನಿಕ್ಕಿಗೆಂದೇ ಎತ್ತಿಟ್ಟಿದ್ದೇನೆ. ಹಬ್ಬದ ಬಟ್ಟೆಯ ಹಾಗೆ.

ಚಾಕಲೇಟಿನ ಜಗ್ಗು ಬಿತ್ತು. ಬಲಗೈಯಲ್ಲೇ.

ಜೂನ್ 14, ಶುಕ್ರವಾರ

ಕಾಗದ ಬಂತು. ವಿಮೆಯವರದು. ನಿಂತೇ ಓದಿದೆ, ಕೂತು ಇನ್ನೊಮ್ಮೆ ಓದಿದೆ.

ನನ್ನ ರೋಗ ಕೆಲಸದಿಂದ ಬಂದದ್ದಲ್ಲವಂತೆ, ಮನೆಯಿಂದ ಬಂದದ್ದಂತೆ. ಕಾರಣ ಒಂದು: “ರೋಗಿಯು ಕೈಗಿರಣಿಯಲ್ಲಿ ದೀರ್ಘಕಾಲ ಜೋಳ ಬೀಸುವುದನ್ನು ಸ್ವತಃ ಒಪ್ಪಿಕೊಂಡಿದ್ದಾರೆ.” ಕಾರಣ ಎರಡು: “ಕೆಲಸದ ಸ್ಥಳದಲ್ಲಿ ದಿನಕ್ಕೆರಡು ವಿರಾಮ ಪಡೆದಿರುವುದಕ್ಕೆ ಮೇ ಅಂತ್ಯದವರೆಗೆ ಸಹಿ ಇದೆ.”

ಕೆಲಸದ ರೋಗ ಎಂದಾದರೆ ಕೊಕ್ಕೆ ಹಿಡಿಯದ ಬೇರೆ ಕೆಲಸವನ್ನು ಕ್ಲಿನಿಕ್ಕೇ ಕೊಡಬೇಕು, ಚಿಕಿತ್ಸೆ ಮುಗಿಯುವವರೆಗೆ ಸಂಬಳವನ್ನು ವಿಮೆಯವರು ಕೊಡಬೇಕು. ಮನೆಯ ರೋಗ ಎಂದಾದರೆ ನಾನು ಹದಿನೆಂಟು ಬಾಯಿ ಹೆರೆಯುತ್ತಲೇ ಇರಬೇಕು, ಕೈ ಪೂರ್ತಿ ಸಾಯುವವರೆಗೆ. ಸತ್ತ ಮೇಲೆ ಮನೆಗೆ.

ಮಾರ್ಚ್ ಹನ್ನೆರಡರಿಂದ ನಾನು ಒಂದು ಸಹಿಯನ್ನೂ ಹಾಕಿಲ್ಲ. ಹಾಗಾದರೆ ನನ್ನ ಸುರುಳಿ ಎಳೆದವರು ಯಾರು? ಹಾಳೆ ಯಾರ ಕೈಯಲ್ಲಿರುತ್ತದೆಂದು ನನಗೆ ಗೊತ್ತಿಲ್ಲವೆ?

ಆಕ್ಷೇಪಣೆಗೆ ಹತ್ತು ದಿನ.

“ಅರೇಪಾ ರೋಗ,” ಎಂದಳು ಅಮ್ಮ ಕಾಗದ ಮಡಿಸುತ್ತ. “ನಮ್ಮಜ್ಜಿ ತೊಂಬತ್ತೊಂದರವರೆಗೂ ಬೀಸಿದ್ಲು. ಅವಳಿಗೆ ಈ ಡಾಕ್ಟ್ರು ಸಿಕ್ಕಿರ್ಲಿಲ್ಲ, ಪುಣ್ಯವಂತೆ.”

ಗಿರಣಿಯನ್ನು ಬಟ್ಟೆ ಸುತ್ತಿ ಕಪಾಟಿನ ಮೇಲಿಟ್ಟೆ. ಇದು ಮುಗಿಯುವವರೆಗೆ ನಮ್ಮ ಮನೆಯಲ್ಲಿ ಬೀಸುವುದಿಲ್ಲ.

ಜೂನ್ 15

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇವತ್ತಿಗೆ ಇಷ್ಟೇ.

ಜೂನ್ 21, ಶುಕ್ರವಾರ

ನಾಲ್ಕು ಪುಟದ ಆಕ್ಷೇಪಣೆ. ಆರು ದಿನ ಹಿಡಿಯಿತು. ವಿಮೆ ಕಚೇರಿಯ ಕಿಟಕಿಯ ಹಿಂದಿನವಳು ತಿರುಗಿಸಿ ತಿರುಗಿಸಿ ನೋಡಿದಳು.

“ಇದನ್ನ ಯಾವ ಮಗು ಬರೀತು?”

“ನಲವತ್ಮೂರು ವರ್ಷದ ಮಗು. ಮುದ್ರೆ ಒತ್ತಿ.”

ಒತ್ತಿದಳು. ಅಷ್ಟು ಚೆಂದದ ಸದ್ದನ್ನು ಈ ವರ್ಷದಲ್ಲಿ ನಾನು ಕೇಳಿಲ್ಲ.

ಜುಲೈ 18, ಗುರುವಾರ

ದೆಯಾನೀರಾಳ ಜೊತೆ ಮಾತು ಬಿಟ್ಟು ಐದು ವಾರ. ಇವತ್ತು ಊಟದ ಹೊತ್ತಿಗೆ ಬೆಲ್ಲದ ನೀರಿನ ಲೋಟವನ್ನು ಕೈಯಿಂದ ಜಾರಿಸಿದಳು. ನನ್ನ ಎದುರಿಗೇ. ಅಣಕ ಮಾಡುವುದಕ್ಕೂ ಒಂದು ಮಿತಿ ಬೇಡವೆ? ಒರೆಸುವಾಗ ತೋಳಿನ ಬಟ್ಟೆಯನ್ನು ಬೆರಳ ಬುಡದವರೆಗೆ ಎಳೆದುಕೊಂಡಿದ್ದಳು, ಅಷ್ಟು ಸೆಕೆಯಲ್ಲೂ.

ಹದಿನೇಳು ಬಾಯಿ. ಕೊಕ್ಕೆಗಳು ಮಾತ್ರ ಇನ್ನೂ ಹರಿತವಾಗಿವೆ.

ಆಗಸ್ಟ್ 25, ಭಾನುವಾರ

ಅಂಗಡಿ ಅರೇಪಾ. ಹನ್ನೊಂದನೆಯ ವಾರ. ರಟ್ಟು ನೆನೆಸಿ ಸುಟ್ಟ ಹಾಗೆ. ಗುರುವಾರ ಆಕ್ಷೇಪಣೆ ಕೇಳುವ ಸರ್ಕಾರಿ ಮಂಡಳಿಯ ಮುಂದೆ ಹಾಜರಾಗಬೇಕು.

“ಗಿರಣೀನೂ ಕರ್ಕೊಂಡು ಹೋಗು,” ಎಂದಳು ಅಮ್ಮ. “ಅದರ ಮೇಲೆ ಅಪವಾದ ಹೊರಿಸಿದಾರೆ. ಅದೂ ಬಂದು ಹೇಳ್ಲಿ.”

ತಮಾಷೆಗೆ ಅಂದದ್ದು. ನಾನು ಕಪಾಟಿನಿಂದ ಇಳಿಸಿದೆ.

ಆಗಸ್ಟ್ 29, ಗುರುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು, ಎಡಗೈಗೆ ಎಷ್ಟು ಹೊತ್ತಾದರೂ ಸರಿ.

ಬಾಗಿಲಿನ ಕಾವಲುಗಾರ ಚೀಲ ಎತ್ತಲು ಹೋಗಿ ಕೆಳಗಿಟ್ಟ. “ಏನಿದೆ ಇದ್ರಲ್ಲಿ?”

“ಸಾಕ್ಷಿ.”

ಒಳಗೆ ಮಂಡಳಿಯ ಡಾಕ್ಟರು, ಸೊರಾಯಿದಾ ತಬಾರೆಸ್, ಎಪ್ಪತ್ತರ ಹೆಂಗಸು. ಪಕ್ಕದಲ್ಲಿ ವಿಮೆಯವರ ವಕೀಲ, ಇಸ್ತ್ರಿ ಗೆರೆಯಂಥ ಹುಡುಗ. ಅವನ ಬೆನ್ನಿಗೇ ಕ್ಲಿನಿಕ್ಕಿನ ಕಡೆಯ ಸಾಕ್ಷಿ ಬಂದು ಕೂತಿತು: ದೆಯಾನೀರಾ. ಸಹಿಯ ಹಾಳೆಗಳ ಕಟ್ಟು ತೊಡೆಯ ಮೇಲೆ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸುಟ್ಟುಹೋಗುತ್ತಿದ್ದಳು.

ಗಿರಣಿ ತೆಗೆದು ಮೇಜಿನ ಮೇಲಿಟ್ಟೆ.

“ಇದು ಕಚೇರಿ ಸೆನ್ಯೋರಾ, ಅಡುಗೆಮನೆ ಅಲ್ಲ,” ಎಂದ ವಕೀಲ.

“ನಿಮ್ಮ ಕಾಗದದಲ್ಲಿ ಇದರ ಹೆಸರು ಬರ್ದಿದೀರಲ್ಲ ಸ್ವಾಮಿ. ಆರೋಪಿ ಇಲ್ದೆ ವಿಚಾರಣೆ ಹೇಗೆ ಮಾಡ್ತೀರಿ?”

“ಇರ್ಲಿ ಬಿಡಿ,” ಎಂದರು ಡಾಕ್ಟರಮ್ಮ. “ನಮ್ಮಮ್ಮನ ಹತ್ರಾನೂ ಇಂಥದ್ದೇ ಇತ್ತು. ಹೇಗೆ ಬೀಸ್ತೀರಿ, ತೋರ್ಸಿ.”

ಮೇಜಿನ ಅಂಚಿಗೆ ಬಿಗಿದು ತಿರುಗಿಸಿದೆ. ಒಳಗೆ ಅಂಟಿಕೊಂಡಿದ್ದ ಹಳೆಯ ಜೋಳದ ಪುಡಿ ಅವರ ಫೈಲಿನ ಮೇಲೆ ಉದುರಿತು.

“ಇವತ್ತು ಎಡಗೈ,” ಎಂದ ವಕೀಲ. “ಮನೇಲಿ ಯಾವ ಕೈ ಅಂತ ಯಾರಿಗೆ ಗೊತ್ತು?”

“ಎರಡೂ ಅಂಗೈ ಮೇಲ್ಮಾಡಿ,” ಎಂದರು ಡಾಕ್ಟರಮ್ಮ. ಎದ್ದು ಬಂದು ಎರಡು ಕೈಯನ್ನೂ ಹಿಡಿದುಕೊಂಡು ಒತ್ತಿ ಒತ್ತಿ ನೋಡಿದರು. ಆರು ತಿಂಗಳಲ್ಲಿ ನನ್ನ ಕೈ ಹಿಡಿದ ಮೊದಲ ಡಾಕ್ಟರು. ಎಡ ಅಂಗೈಯಲ್ಲಿ ಬೆರಳ ಬುಡಕ್ಕೆ ಸಾಲಾಗಿ ಜಡ್ಡು, ಗಿರಣಿಯ ಮರದ ಹಿಡಿ ಕೂರುವ ಜಾಗದಲ್ಲಿ. ಬಲ ಅಂಗೈ ಮಗುವಿನಂತೆ ನುಣುಪು. ಬಲಗೈಯ ಜಡ್ಡು ನಡುಬೆರಳಿನ ಪಕ್ಕದಲ್ಲಿ, ಕೊಕ್ಕೆ ಒರಗುವ ಕಡೆ.

“ಬೀಸಿದ್ದು ಈ ಕೈ,” ಎಂದರು. “ರೋಗ ಬಂದಿದ್ದು ಆ ಕೈ. ಬರ್ಕೊಳ್ಳಿ.”

ವಕೀಲನ ಹತ್ತಿರ ಎರಡನೆಯ ಕಾರಣ ಇತ್ತಲ್ಲ, ಸಹಿ. ದೆಯಾನೀರಾಳನ್ನು ಎಬ್ಬಿಸಿ ನಿಲ್ಲಿಸಿದ.

“ಹಾಳೆ ನಿಮ್ಮ ವಶದಲ್ಲಿತ್ತು?”

“ಹೌದು.”

“ನೆಲ್ಸಿ ಬೆದೋಯಾ ಅವರು ದಿನಾ ಸಹಿ ಹಾಕಿದ್ದನ್ನ ನೋಡಿದೀರಿ?”

ಅವಳು ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟಳು.

“ಮಾರ್ಚ್ ಹನ್ನೊಂದರವರೆಗೆ ನೋಡಿದೀನಿ. ಅಲ್ಲಿಂದಾಚೆಗೆ ಹಾಕಿದ್ದು ನಾನು. ಹಾಕದಿದ್ರೆ ಇವಳನ್ನ ತೆಗೀತೀನಿ ಅಂದ್ರು ಡಾಕ್ಟ್ರು. ಆ ಸುರುಳಿ ಕಲಿಯೋಕೆ ಒಂದು ವಾರ ಬೇಕಾಯ್ತು.”

“ನೀವು ಕ್ಲಿನಿಕ್ಕಿನ ಕಡೆ ಸಾಕ್ಷಿ,” ಎಂದ ವಕೀಲ.

“ಅದಕ್ಕೇ ಕ್ಲಿನಿಕ್ಕಲ್ಲಿ ನಡೆದಿದ್ದು ಹೇಳ್ತಿದೀನಿ. ಕೈ ಆಡಿಸೋಕೆ ಯಾರಿಗೂ ಯಾವತ್ತೂ ಬಿಟ್ಟಿಲ್ಲ. ಇವಳ ಕೈಗೆ ಸ್ವಲ್ಪ ಹಗುರ ಆಗ್ಲಿ ಅಂತ ದಿನಾ ಆರೂಕಾಲಿಗೆ ಬಂದು ಇವಳ ಕೊಕ್ಕೆ ಮಸೀತೀನಿ. ಅಷ್ಟೇ ನನ್ನ ಕೈಲಾಗಿದ್ದು.”

“ನಿಮ್ಮ ಕೈ ಹೇಗಿದೆ?” ಎಂದರು ಡಾಕ್ಟರಮ್ಮ.

“ಚೆನ್ನಾಗಿದೆ.” ತೋಳಿನ ಬಟ್ಟೆ ಕೆಳಗೆ ಎಳೆದುಕೊಂಡಳು.

“ಪೆನ್ನು ತಗೊಳ್ಳಿ. ಆ ಸುರುಳಿ ಹಾಕಿ ತೋರ್ಸಿ.”

ಹಾಕಲು ಹೋದಳು. ಅರ್ಧ ಸುರುಳಿಗೆ ಪೆನ್ನು ಬೆರಳಿಂದ ಬಿತ್ತು. ಬಗ್ಗಿ ಎತ್ತಿಕೊಂಡಳು, ಮತ್ತೆ ಬಿತ್ತು. ಮೂರನೆಯ ಸಲಕ್ಕೆ ನಾನೇ ಎತ್ತಿ ಮೇಜಿನ ಮೇಲಿಟ್ಟೆ.

ಹೊರಗೆ ಬಂದಾಗ ಗಿರಣಿಯ ಚೀಲಕ್ಕೆ ಎರಡು ಹಿಡಿ, ನಮ್ಮಲ್ಲಿ ಸರಿಯಿದ್ದದ್ದು ಎರಡು ಎಡಗೈ. ಇಬ್ಬರೂ ಎಡಗೈಯಲ್ಲೇ ಹಿಡಿದರೆ ಪಕ್ಕಪಕ್ಕ ನಡೆಯಲು ಬರುವುದಿಲ್ಲ. ಏಡಿಗಳ ಹಾಗೆ ಅಡ್ಡಡ್ಡ ನಡೆದು ಕೇಬಲ್ ಕಾರು ಹತ್ತಿದೆವು.

“ನಾಳೆ ನನ್ನ ತೆಗೀತಾರೆ,” ಎಂದಳು.

“ನಾಳೆವರೆಗೂ ಯಾಕೆ ಕಾಯ್ತಾರೆ,” ಎಂದೆ.

ಇಬ್ಬರೂ ನಕ್ಕೆವು. ಎದುರಿಗೆ ಕೂತ ಮುದುಕ ನಮ್ಮ ಚೀಲವನ್ನೇ ನೋಡುತ್ತಿದ್ದ.

ಸೆಪ್ಟೆಂಬರ್ 1, ಭಾನುವಾರ

ನಿನ್ನೆ ಅವಳನ್ನು ತೆಗೆದರು. ಇವತ್ತು ಮನೆಗೆ ಬಂದಳು. ತೀರ್ಪು ಬರುವವರೆಗೆ ಕಾಯದೆ ಗಿರಣಿಯನ್ನು ಮೇಜಿಗೆ ಬಿಗಿದೆ. ನಾನು ಒಂದು ಪಾತ್ರೆ, ಅವಳು ಒಂದು ಪಾತ್ರೆ. ಎಡಗೈ ಅವಳಿಗೆ ಹೊಸದು, ಅರ್ಧ ಜೋಳ ನೆಲಕ್ಕೆ. ಅಮ್ಮ ಒಂದು ಮಾತೂ ಬೈಯದೆ ಗುಡಿಸಿದಳು.

ಅಕ್ಟೋಬರ್ 18, ಶುಕ್ರವಾರ

ಮಂಡಳಿಯ ತೀರ್ಪು ನಿನ್ನೆ ಬಂತು: ಕೆಲಸದಿಂದ ಬಂದ ರೋಗ. ಖರ್ಚನ್ನು ಮೊದಲ ಪುಟದಲ್ಲಿ ಬರೆದೆ. ಇನ್ನು, ಯಾರಿಗೆ ಏನು ಸಿಕ್ಕಿತು.

ಡಾಕ್ಟರ್ ಎವೇಲಿಯೋ: ತಪಾಸಣೆಯವರ ಭೇಟಿ, ಎರಡು ಸಲ. ಯಂತ್ರ ರಿಪೇರಿಯಾಗಿ ಬಂತು. ಒಂದು ವಾಷರು ಸವೆದಿತ್ತಂತೆ.

ಮಣಿಸಾಲೆಸ್‌ನ ಬಾಯಿಗಳು: ತಲಾ ಮೂವತ್ತೈದು ನಿಮಿಷ.

ದೊನ್ ಎರಿಬೆರ್ತೋ: ನನ್ನ ಬಾಯಿಂದಲೇ ಕ್ಷಮಾಪಣೆ. ಹಲ್ಲು ಗಟ್ಟಿಯಾಗಿದೆ.

ವಿಮೆಯ ವಕೀಲ: ಜೋಳದ ಪುಡಿ ಬಿದ್ದ ಒಂದು ಫೈಲು.

ಅಮ್ಮ: ಗಿರಣಿ ಸರ್ಕಾರಿ ಮೇಜಿನ ಮೇಲೆ ಕೂತ ಕಥೆ. ಬೀದಿಯಲ್ಲಿ ಮೂರು ಸಲ ಹೇಳಿದ್ದಾಳೆ. ಮೂರನೆಯದರಲ್ಲಿ ವಕೀಲ ಅತ್ತ.

ನಾನು: ನವೆಂಬರ್ ಆರಕ್ಕೆ ಶಸ್ತ್ರಚಿಕಿತ್ಸೆ. ಆಮೇಲೆ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸುವ ಕೆಲಸ, ಕ್ಲಿನಿಕ್ಕಿನ ಸಂಬಳದಲ್ಲೇ. ಎರಡೂವರೆ ಬೆರಳಲ್ಲಿ ಎಷ್ಟು ವಾಪಸು ಬರುತ್ತದೆಂದು ಯಾರೂ ಹೇಳುವುದಿಲ್ಲ.

ದೆಯಾನೀರಾ: ನೌಕರಿ ಇಲ್ಲ. ಈ ವಾರ ಅವಳಿಗೂ ವಿಮೆಯವರ ಕಾಗದ ಬಂತು. ಕೈ ನೋವಿಗೆ ಕಾರಣ ಕಸೂತಿಯಂತೆ. ಅವಳೂ ಆ ಹುಡುಗನ ಮುಂದೆ ತನ್ನ ಮೇಜುಬಟ್ಟೆಗಳ ಜಂಬ ಕೊಚ್ಚಿಕೊಂಡಿದ್ದಾಳೆ. ಕಸೂತಿಯ ಚೌಕಟ್ಟನ್ನು ಅಳೆದು ನೋಡಿದೆವು, ಗಿರಣಿಯ ಚೀಲದಲ್ಲೇ ಹಿಡಿಸುತ್ತದೆ. ಅವಳ ಆಕ್ಷೇಪಣೆಯನ್ನು ಅವಳು ಹೇಳುತ್ತ ಹೋಗುತ್ತಾಳೆ, ನಾನು ಎಡಗೈಯಲ್ಲಿ ಬರೆದುಕೊಳ್ಳುತ್ತೇನೆ. ಎರಡು ಪುಟ ಆಗಿದೆ.

ನಮಗೆ ಉಳಿದದ್ದು: ಹತ್ತರಲ್ಲಿ ಆರು ದಿನ.